ಬಾಡಿಗೆ ಮನೆಯ ತಂಗಿ

“ನಂಗೆ ಗಂಡು ಹುಡುಕ್ತಾಳಂತೆ! ಅದಕ್ಕೆ ನೀವು ‘ಆಗಲಿ, ನೋಡೋಣ’ ಅಂದ್ರಂತೆ! ನೋಡೋಣ ಅಂದ್ರೆ ಏನ್ರೀ? ಏನು ನೋಡ್ತೀರಿ? ಅವನ ಎತ್ತರ ನೋಡ್ತೀರಾ, ಹಲ್ಲು ಎಣಿಸ್ತೀರಾ?”

“ಮೆಲ್ಲಗೆ ಮಾತಾಡೇ, ಕೆಳಗೆ ಕೇಳುತ್ತೆ.”

“ಕೇಳಲಿ! ಆ ಮನೆ ಯಜಮಾನಿಗೆ ನನ್ನ ಮಾತು ಒಂದಕ್ಷರ ತಿಳಿಯಲ್ಲ. ತಿಳಿಯೋ ಹಾಗಿದ್ರೆ ನಾನು ಬಂದ ದಿನಾನೇ ಇದು ಮುಗೀತಿತ್ತು.”

“ಬಾಯಿಮಾತಿಗೆ ಅಂದೆ ಕಣೇ. ಬೇಡ ಅಂದ್ರೆ ಯಾಕೆ ಬೇಡ ಅಂತ ಕೇಳ್ತಾಳೆ. ಏನು ಹೇಳ್ಲಿ ಆಗ?”

“ಅವಳಿಗೆ ಗಂಡ ಇದ್ದಾನೆ, ಬದುಕಿದ್ದಾನೆ, ಇಲ್ಲೇ ಬನಿಯನ್ನು ಹಾಕ್ಕೊಂಡು ನಿಂತಿದ್ದಾನೆ ಅಂತ ಹೇಳಿ!”

ಇಸ್ತ್ರಿ ಮೇಜಿನ ಹಿಂದೆ ನಿಂತಿದ್ದ ಇನ್ನೊಬ್ಬಳಿಗೆ ನಗು ತಡೆಯಲಿಲ್ಲ. ತುಟಿ ಕಚ್ಚಿಕೊಂಡಳು, ಆದರೂ ಮೂಗಿನಿಂದ ಬಂತು.

“ನಗಬೇಡ ನೀನು. ನಿನ್ನಿಂದಲೇ ಇದೆಲ್ಲ.”

“ನಾನೇನು ಮಾಡ್ದೆ ನಾದಿನಿ? ಕೆಳಗಿನವರು ಹೇಳಿದ್ದನ್ನ ನಿಮಗೆ ಹೇಳ್ದೆ, ಅಷ್ಟೇ.”

“ಇನ್ನೊಂದು ಸಲ ನಾದಿನಿ ಅನ್ನು, ಆ ಇಸ್ತ್ರಿಪೆಟ್ಟಿಗೆ ತಂದು ನಿನ್ನ ನಾಲಿಗೆ ಮೇಲೆ ಇಡ್ತೀನಿ.”

“ಸಾಯಂಕಾಲ ಬರ್ತಾನಂತೆ,” ಎಂದಳು ಅವಳು, ನನ್ನ ಮಾತು ಕಿವಿಗೇ ಬೀಳದವಳ ಹಾಗೆ ದಿಂಬಿನ ಚೀಲವೊಂದನ್ನು ಮಗುಚಿ ಹಾಕುತ್ತಾ. “ಮೂಲೆ ಬೇಕರಿಯವನು. ಹೆಂಡತಿ ಹೋಗಿಬಿಟ್ಟಿದ್ದಾಳಂತೆ ಪಾಪ. ಒಳ್ಳೆ ಮನುಷ್ಯ. ದಿನಾ ಬಿಸಿ ಬಿಸಿ ಬ್ರೆಡ್ಡು.”

ನನ್ನ ಗಂಡ ಗೋಡೆ ಕಡೆ ತಿರುಗಿದರು. ಅವರೂ ನಗುತ್ತಿದ್ದರು. ಹೆಗಲು ಕುಲುಕುತ್ತಿತ್ತು. ನನಗೆ ಸಿಟ್ಟು ಹತ್ತಿದ್ದು ಬೇಕರಿಯವನ ಮೇಲಲ್ಲ, ಮನೆ ಯಜಮಾನಿಯ ಮೇಲೂ ಅಲ್ಲ. ಅವರಿಬ್ಬರೂ ಒಂದೇ ಮಾತಿಗೆ ಒಂದೇ ಹೊತ್ತಿಗೆ ನಕ್ಕರಲ್ಲ, ಅದರ ಮೇಲೆ.

ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ಆ ಮನೆಯಲ್ಲಿ ಇದ್ದವರು ಮೂರೇ ಜನ. ನಾನು, ನನ್ನ ಗಂಡ, ಮತ್ತೆ ನನ್ನ ಗಂಡನ ಹೆಂಡತಿ.

ಇವರದು ಗಾಜಿನ ಕೆಲಸ. ಕಿಟಕಿ, ಬಾಗಿಲು, ಅಂಗಡಿಯ ಮುಂಭಾಗ, ಎಲ್ಲಿ ಗಾಜು ಬೇಕೋ ಅಲ್ಲಿ ಅಳೆದು, ಕೊಯ್ದು, ಕೂರಿಸುವುದು. ಊರಿನಲ್ಲಿದ್ದಾಗ ನಾನೂ ಜೊತೆಗೆ ಹೋಗುತ್ತಿದ್ದೆ. ಮಕ್ಕಳಾಗಲಿಲ್ಲ, ಮನೆಯಲ್ಲಿ ಕೂತು ಮಾಡುವುದೇನಿತ್ತು? ಗಾಜಿನವರಲ್ಲಿ ಒಂದು ಪದ್ಧತಿ ಇದೆ. ಏಣಿಯ ಮೇಲಿದ್ದವರು ಅಳತೆ ಕೂಗಬೇಕು, ಕೆಳಗಿದ್ದವರು ಅದನ್ನು ತಿರುಗಿ ಕೂಗಬೇಕು. ತಿರುಗಿ ಕೂಗುವ ತನಕ ಆ ಅಳತೆ ಅಳತೆಯಲ್ಲ. ಬಟ್ಟೆ ತಪ್ಪಾಗಿ ಕತ್ತರಿಸಿದರೆ ತೇಪೆ ಹಾಕಬಹುದು, ಗಾಜಿಗೆ ಯಾವ ತೇಪೆ? ಇವರು ಮೇಲಿಂದ “ಅಗಲ ಇಪ್ಪತ್ತೆರಡೂಕಾಲು!” ಅಂದರೆ ನಾನು ಬೀದಿಗೆಲ್ಲ ಕೇಳುವ ಹಾಗೆ “ಇಪ್ಪತ್ತೆರಡೂಕಾಲು!” ಅನ್ನುತ್ತಿದ್ದೆ. ದಾರಿಯಲ್ಲಿ ಹೋಗುವವರು ನಗುತ್ತಿದ್ದರು. ನಾವಿಬ್ಬರೂ ಜಗಳವಾಡಿ ಮಾತು ಬಿಟ್ಟ ದಿನಗಳಲ್ಲೂ ಅಳತೆ ಮಾತ್ರ ಬಿಟ್ಟವರಲ್ಲ. ಬೆಳಗಿನಿಂದ ಮುಖ ಊದಿಸಿಕೊಂಡಿರುತ್ತಿದ್ದೆ, ಇವರು ಏಣಿ ಹತ್ತಿ ಕೂಗಿದ ಕೂಡಲೇ ಗಂಟಲು ತಾನಾಗಿ ತೆರೆಯುತ್ತಿತ್ತು. ಎಷ್ಟೋ ಜಗಳ ಹಾಗೆಯೇ ಮುಗಿದಿವೆ.

ಆಮೇಲೆ ಹೊರದೇಶದ ಕೆಲಸ ಬಂತು. ಎತ್ತರದ ಕಟ್ಟಡಗಳು, ಪೂರ್ತಿ ಗಾಜಿನ ಗೋಡೆ, ಒಳ್ಳೆಯ ಸಂಬಳ. ಇವರು ಮೊದಲು ಹೋದರು. ಎರಡು ವರ್ಷ ಫೋನಿನಲ್ಲೇ ಸಂಸಾರ ಮಾಡಿದೆವು. “ಎಲ್ಲಿದ್ದೀರಿ?” ಅಂದರೆ “ನಮ್ಮ ಕಡೆಯ ಒಂದು ಕುಟುಂಬದ ಜೊತೆ ಇದ್ದೀನಿ, ಊಟಕ್ಕೆ ತೊಂದರೆಯಿಲ್ಲ” ಅನ್ನುತ್ತಿದ್ದರು. ನಾನು ಆ ಕುಟುಂಬಕ್ಕೆ ಒಳ್ಳೆಯದಾಗಲಿ ಎಂದು ಎಷ್ಟು ಸಲ ಹರಸಿದ್ದೇನೋ. ಆ ಹರಕೆಯೆಲ್ಲ ಎಲ್ಲಿ ಹೋಗಿ ಬಿತ್ತು ಅಂತ ಆಮೇಲೆ ಗೊತ್ತಾಯಿತು.

ವಿಮಾನ ಇಳಿದ ದಿನ ಇವರು ಬಂದು ಪೆಟ್ಟಿಗೆ ಎತ್ತಿಕೊಂಡರು. ಬಸ್ಸಿನಲ್ಲಿ ಕೂತೆವು. ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಊರಿನಲ್ಲಿ ಹಗ್ಗದಿಂದ ತೆಗೆದದ್ದನ್ನು ಹಾಗೇ ಹಾಕಿಕೊಳ್ಳುತ್ತಿದ್ದ ಮನುಷ್ಯ. ಕಾಲರು ಹಿಡಿದು ನೋಡಿದೆ. ಕಾಗದದ ಹಾಗೆ ಗರಿಗರಿ.

“ಯಾರು ಮಾಡಿಕೊಟ್ಟರು ಇಸ್ತ್ರಿ?”

“ಅದೇ... ಹೇಳ್ತೀನಿ. ಇನ್ನೇನು ನಮ್ಮ ಸ್ಟಾಪು ಬಂತು. ಒಂದು ಸಣ್ಣ ಮಾತಿದೆ. ಕೋಪ ಮಾಡ್ಕೋಬಾರದು.”

“ಕೋಪ ಬರೋ ಮಾತಾ?”

“ಸ್ವಲ್ಪ ದಿನ ಅಷ್ಟೇ. ಆ ಮನೇಲಿ... ನೀನು ನನ್ನ ತಂಗಿ.”

ನಾನು ಬಸ್ಸಿನಲ್ಲೇ ಎದ್ದು ನಿಂತೆ. ಡ್ರೈವರು ಕನ್ನಡಿಯಲ್ಲಿ ನೋಡಿದ.

ವಿಷಯ ಹೀಗಿತ್ತು. ಆ ಊರಿನಲ್ಲಿ ಒಂಟಿ ಗಂಡಸಿಗೆ ಬಾಡಿಗೆ ಮನೆ ಸಿಗುವುದಿಲ್ಲ, ಒಂಟಿ ಹೆಂಗಸಿಗೂ ಸಿಗುವುದಿಲ್ಲ. ಇವರು ಹೋದ ಹೊಸದರಲ್ಲಿ ಒಂದು ಲಾಂಡ್ರಿಯ ಒಡೆದ ಕಿಟಕಿಗೆ ಗಾಜು ಹಾಕಲು ಹೋಗಿದ್ದರಂತೆ. ಬೆರಳು ಕೊಯ್ದುಕೊಂಡು ನಮ್ಮ ಮಾತಿನಲ್ಲಿ ಏನೋ ಬೈದರಂತೆ. ಒಳಗೆ ಇಸ್ತ್ರಿ ಮಾಡುತ್ತಿದ್ದ ಹೆಂಗಸೊಬ್ಬಳು “ಅಯ್ಯೋ, ನಮ್ಮೋರು!” ಅಂತ ಓಡಿ ಬಂದು ಬಟ್ಟೆ ಸುತ್ತಿದಳಂತೆ. ಅವಳಿಗೂ ಮನೆಯಿಲ್ಲ, ಇವರಿಗೂ ಮನೆಯಿಲ್ಲ. ಗಂಡ ಹೆಂಡತಿ ಅಂತ ಹೇಳಿ, ಮಹಡಿಯ ಮೇಲಿನ ಈ ಮನೆ ಹಿಡಿದರಂತೆ. ಒಳಗಿನ ಕೋಣೆ ಅವಳಿಗೆ, ಹೊರಗಿನ ಕೋಣೆಯಲ್ಲಿ ಮಡಿಚುವ ಮಂಚ ಇವರಿಗೆ. ಬೆಳಿಗ್ಗೆ ಎದ್ದ ಕೂಡಲೇ ಮಂಚ ಮಡಿಚಿ ಬೀರುವಿನ ಹಿಂದೆ ತಳ್ಳುತ್ತಿದ್ದರಂತೆ, ಯಾಕೆಂದರೆ ಯಜಮಾನಿ ಬಟ್ಟೆ ಒಣಹಾಕಲು ನಮ್ಮ ಬಾಗಿಲು ದಾಟಿ ಮಾಳಿಗೆಗೆ ಹೋಗುತ್ತಾಳೆ. ಇಷ್ಟೆಲ್ಲ ‘ಅಂತೆ’ಗಳೇ. ಮಂಚ ಮಡಿಚುತ್ತಿದ್ದದ್ದನ್ನು ನಾನು ನೋಡಿದ್ದೇನಾ?

“ಬೇರೆ ಮನೆ ಸಿಕ್ಕ ತಕ್ಷಣ ಹೋಗೋಣ,” ಎಂದರು. ಹುಡುಕುತ್ತಲೂ ಇದ್ದರು. ಪ್ರತಿ ರಜಾ ದಿನ ಹೋಗಿ ಬಂದು, ಅಲ್ಲಿ ಬಿಸಿಲು ಬೀಳಲ್ಲ, ಇಲ್ಲಿ ಬಸ್ಸಿಲ್ಲ ಅನ್ನುತ್ತಿದ್ದರು. ಕೆಲಸಕ್ಕೆ ಹೊರದೇಶಕ್ಕೆ ಬಂದ ಮನುಷ್ಯನಿಗೆ ಬಸ್ಸಿಲ್ಲದ ಬೀದಿಗೆ ಹೋಗಲು ಆಗುವುದಿಲ್ಲವಂತೆ!

ಅವಳ ಬಗ್ಗೆ ಹೇಳುತ್ತೇನೆ. ನನ್ನದೇ ವಯಸ್ಸು. ನನಗಿಂತ ಚೆಲುವೆಯೇನಲ್ಲ. ಚೆಲುವೆಯಾಗಿದ್ದಿದ್ದರೆ ನನಗೆ ಅರ್ಥವಾಗುತ್ತಿತ್ತು, ಬೈದು ಸುಮ್ಮನಾಗುತ್ತಿದ್ದೆ. ಅಗಲ ಮುಖ, ಬಿಸಿಗೆ ಬೆಂದ ಕೈ, ಬೆನ್ನು ಕಂಬದ ಹಾಗೆ. ಮದುವೆಯಾಗಿತ್ತೋ, ಗಂಡನನ್ನು ಬಿಟ್ಟು ಬಂದಿದ್ದಳೋ, ಕೇಳಿದರೆ “ಅದೆಲ್ಲ ಹಳೇ ಕೊಳೆ ಅಕ್ಕ, ಒಗೆದಾಯ್ತು” ಅನ್ನುತ್ತಿದ್ದಳು. ನಾನು ಬಂದ ದಿನ ಬಾಗಿಲಲ್ಲಿ ನಿಂತು, “ಬನ್ನಿ ನಾದಿನಿ, ಬಲಗಾಲಿಟ್ಟು ಬನ್ನಿ” ಅಂದಳು. ತಮಾಷೆಗೆ. ನನ್ನ ಗಂಡನ ಮನೆಗೆ ಅವಳು ನನ್ನನ್ನು ಕರೆಯುತ್ತಿದ್ದಳು.

ಒಳಗೆ ಚಹಾ ಕೊಟ್ಟಳು. ನನಗೆ ಸಕ್ಕರೆ ಹಾಕಿದ್ದಳು, ಇವರ ಲೋಟಕ್ಕೆ ಹಾಕಿರಲಿಲ್ಲ. ನಾನು ಸಕ್ಕರೆ ಡಬ್ಬಿಗೆ ಕೈ ಹಾಕಿದೆ. “ಬೇಡ, ಇವರು ಬಿಟ್ಟಿದ್ದಾರೆ,” ಎಂದಳು. ಇವರು! ಮೂರು ಚಮಚ ಹಾಕಿಸಿಕೊಂಡು, ತಳದಲ್ಲಿ ಉಳಿದದ್ದನ್ನು ಬೆರಳಿನಿಂದ ನೆಕ್ಕುತ್ತಿದ್ದ ಮನುಷ್ಯ! ನಾನು ಎಷ್ಟು ಹೇಳಿದರೂ ಬಿಡದವರು ಇವಳು ಹೇಳಿದ್ದಕ್ಕೆ ಬಿಟ್ಟಿದ್ದರು. ನನ್ನ ಚಹಾವನ್ನು ಅರ್ಧಕ್ಕೇ ಇಟ್ಟೆ.

ಅವಳು ಇವರನ್ನು ‘ರೀ’ ಅನ್ನುತ್ತಿದ್ದಳು. ಯಜಮಾನಿಗೆ ತೋರಿಸಲು ಶುರು ಮಾಡಿದ್ದಂತೆ, ಆಮೇಲೆ ಬಾಯಿಗೆ ಅಂಟಿಕೊಂಡಿತಂತೆ. ಯಜಮಾನಿಗೆ ನಮ್ಮ ಭಾಷೆಯಲ್ಲಿ ಬರುತ್ತಿದ್ದ ಮಾತೂ ಅದೊಂದೇ. ಕೆಳಗಿನಿಂದ ಅವಳೂ ನಗುತ್ತಾ “ರೀ! ರೀ!” ಎಂದು ಇವರನ್ನು ಕರೆಯುತ್ತಿದ್ದಳು, ನಲ್ಲಿ ಸರಿ ಮಾಡಲು, ಬಲ್ಬು ಹಾಕಲು. ತಂಗಿಯಾದವಳು ಏನಂತ ಕರೆಯುತ್ತಾಳೆ ಎಂದು ಅವಳು ವಿಚಾರಿಸಿದ್ದಳಂತೆ. ಹಾಗಾಗಿ ನಾನು ‘ಅಣ್ಣ’ ಅನ್ನಬೇಕಿತ್ತು. ಆ ಮನೆಯಲ್ಲಿ ನನ್ನ ಗಂಡನನ್ನು ‘ರೀ’ ಅನ್ನಬಾರದವಳು ನಾನೊಬ್ಬಳೇ.

ಮಲಗುವುದೂ ಹಾಗೆಯೇ. ಬೆಳಿಗ್ಗೆ ಯಜಮಾನಿ ಯಾವಾಗ ಬಂದಾಳೋ, ಅಣ್ಣ ತಂಗಿ ಒಂದೇ ಹಾಸಿಗೆಯಲ್ಲಿ ಇರುವುದೆಂದರೇನು? ನಾನು ಒಳಗೆ ಅವಳ ಪಕ್ಕ, ಇವರು ಹೊರಗೆ ಮಂಚದ ಮೇಲೆ. ಮಂಚ ಕಿರುಗುಟ್ಟಿದರೆ ನನಗೆ ಎಚ್ಚರವಾಗುತ್ತಿತ್ತು. ಆಗ ಕೈ ಚಾಚಿ ಅವಳು ಪಕ್ಕದಲ್ಲಿ ಇದ್ದಾಳಾ ಎಂದು ಮುಟ್ಟಿ ನೋಡುತ್ತಿದ್ದೆ. ಒಂದು ಸಲ ಅವಳು ಕಣ್ಣು ಮುಚ್ಚಿಕೊಂಡೇ, “ಇದ್ದೀನಿ ಅಕ್ಕ, ಮಲಗಿ” ಅಂದಳು.

ಇವೆಲ್ಲವನ್ನೂ ನುಂಗಿಕೊಂಡೆ. ನುಂಗಲಾಗದ್ದು ಒಂದೇ.

ನಾನು ಬಂದು ಇನ್ನೂ ಒಂದು ವಾರ ಆಗಿರಲಿಲ್ಲ. ಬಚ್ಚಲುಮನೆಯ ಕಿಟಕಿಗೆ ಗಾಜು ಸಡಿಲವಾಗಿತ್ತು. ಇವರು ಸ್ಟೂಲು ಹತ್ತಿದರು, ಟೇಪು ಎಳೆದರು. ನಾನು ಅಡುಗೆಮನೆಯಲ್ಲಿ ಕೈ ಒರೆಸಿಕೊಂಡು ನಿಂತೆ. ಎರಡು ವರ್ಷದಿಂದ ಗಂಟಲಲ್ಲಿ ಕಾದಿಟ್ಟುಕೊಂಡದ್ದು ಅದು. ಇವರು ಅಳತೆ ಕೂಗಿದರು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಹೊರಗಿನ ಕೋಣೆಯಿಂದ, ಇಸ್ತ್ರಿಯಿಂದ ತಲೆ ಕೂಡ ಎತ್ತದೆ, ಅವಳು ತಿರುಗಿ ಹೇಳಿದಳು. ನಾನು ಕೂಗುತ್ತಿದ್ದ ಹಾಗೆ ಜೋರಾಗಿ ಅಲ್ಲ. ಪಕ್ಕದಲ್ಲಿ ಇರುವವರಿಗೆ ಹೇಳುವ ಹಾಗೆ, ಮೆಲ್ಲಗೆ. ಇವರು “ಹ್ಞೂಂ” ಅಂದರು. ಅಷ್ಟೇ.

ನಾನು ತೆರೆದ ಬಾಯಿ ಹಾಗೆಯೇ ಮುಚ್ಚಿದೆ. ಅವರಿಬ್ಬರೂ ಕೈ ಕೈ ಹಿಡಿದುಕೊಂಡು ಕೂತಿರುವುದನ್ನು ನೋಡಿದ್ದರೂ ನನಗೆ ಅಷ್ಟು ಉರಿಯುತ್ತಿರಲಿಲ್ಲ.

ಆಮೇಲೆ ಇವರನ್ನು ಕೇಳಿದೆ, “ಅದನ್ನ ಅವಳಿಗೆ ಯಾಕೆ ಕಲಿಸಿದ್ರಿ?”

“ಯಾವುದನ್ನ?”

“ಅಳತೆ.”

“ಕಲಿಸೋದೇನು ಬಂತು? ಒಬ್ಬರು ತಿರುಗಿ ಹೇಳಬೇಕಲ್ಲ? ನೀನಿರ್ಲಿಲ್ಲ.”

ನೀನಿರ್ಲಿಲ್ಲ. ನಾನೇನು ಜಾತ್ರೆಗೆ ಹೋಗಿದ್ದೆನಾ?

ಅವಳೇ ನನಗೆ ಲಾಂಡ್ರಿಯಲ್ಲಿ ಕೆಲಸ ಕೊಡಿಸಿದಳು. ಅದೂ ಅವಳ ಉಪಕಾರವೇ ಆಗಬೇಕಿತ್ತು. ದೊಡ್ಡ ಹೋಟೆಲುಗಳ ಹಾಸುಬಟ್ಟೆ ರಾಶಿ ರಾಶಿ ಬರುತ್ತಿತ್ತು. ಅದನ್ನು ಮಡಿಚಲು ಇಬ್ಬರು ಬೇಕು. ಎದುರುಬದುರು ನಿಂತು, ಎರಡೆರಡು ಮೂಲೆ ಹಿಡಿದು, ಕೊಡವಿ, ಹತ್ತಿರ ಬಂದು, ಮೂಲೆ ಕೊಟ್ಟು, ಹಿಂದೆ ಸರಿದು, ಮತ್ತೆ ಹತ್ತಿರ. ನನ್ನ ಜೋಡಿ ಅವಳೇ. ದಿನವೆಲ್ಲ ಅವಳ ಮುಖಕ್ಕೆ ಹತ್ತಿರ ಹೋಗುವುದು, ದೂರ ಬರುವುದು. ನಾನು ಮೂಲೆಗಳನ್ನು ಕಿತ್ತುಕೊಳ್ಳುವ ಹಾಗೆ ಎಳೆಯುತ್ತಿದ್ದೆ. “ಬಟ್ಟೆ ನನ್ನದಲ್ಲ ಅಕ್ಕ, ಹೋಟೆಲಿನದು,” ಅನ್ನುತ್ತಿದ್ದಳು. ಅಲ್ಲಿಯೂ ಎಲ್ಲರಿಗೂ ನಾನು ತಂಗಿಯೇ. ಯಜಮಾನಿಯ ಅಣ್ಣನ ಮಗಳೊಬ್ಬಳು ಅಲ್ಲಿ ಕೆಲಸಕ್ಕಿದ್ದಳು. ಸುಳ್ಳು ನನಗಿಂತ ಮೊದಲೇ ಹೋಗಿ ಕೆಲಸಕ್ಕೆ ಸೇರಿತ್ತು.

ಸಾಲದೆಂದು ಅವಳು ಮನೆಗೂ ಇಸ್ತ್ರಿ ಕೆಲಸ ತರುತ್ತಿದ್ದಳು. ಸಂಜೆ ಇವರು ಕೆಲಸದಿಂದ ಬಂದು ಕೈಕಾಲು ತೊಳೆದು, ಕೇಳದೆಯೇ ಅವಳ ಎದುರು ನಿಂತು ಎರಡು ಮೂಲೆ ಹಿಡಿಯುತ್ತಿದ್ದರು. ಗಾಜಿನವರ ಕೈ ನಿಖರ, ಅಂಚಿಗೆ ಅಂಚು ಕೂಡುತ್ತಿತ್ತು. ಮಾತಿಲ್ಲ, ಕತೆಯಿಲ್ಲ. ಹತ್ತಿರ, ದೂರ, ಹತ್ತಿರ. ನಾನು ಒಂದು ದಿನ ಹೋಗಿ ಇವರ ಕೈಯಿಂದ ಮೂಲೆ ಕಿತ್ತುಕೊಂಡೆ. “ನೀವು ಕೂತ್ಕೊಳ್ಳಿ ಅಣ್ಣಾ,” ಎಂದೆ, ‘ಅಣ್ಣಾ’ವನ್ನು ಹಲ್ಲಿನಲ್ಲಿ ಅಗಿದು. ಅವತ್ತಿನಿಂದ ಮನೆಯಲ್ಲೂ ನಾನೇ ಅವಳ ಜೋಡಿ.

ಹೀಗಿರುವಾಗ ಯಜಮಾನಿಗೆ ನನ್ನ ಮೇಲೆ ಕನಿಕರ ಬಂತು. ಅಣ್ಣ ಅತ್ತಿಗೆಯ ಮನೆಯಲ್ಲಿ ಬಿದ್ದುಕೊಂಡಿರುವ ಹೆಂಗಸು, ಮುಖದಲ್ಲಿ ಒಂದು ದಿನವೂ ನಗುವಿಲ್ಲ, ಪಾಪ. ಮೂಲೆಯ ಬೇಕರಿಯವನಿಗೆ ಹೆಂಡತಿ ತೀರಿಹೋಗಿ ಕೆಲಕಾಲವಾಗಿತ್ತು. ಯಜಮಾನಿ ಇವರನ್ನು ಮೆಟ್ಟಿಲಲ್ಲಿ ತಡೆದು ಕೇಳಿದಳು. ಇವರು “ಆಗಲಿ, ನೋಡೋಣ” ಅಂದರು. ಆ ಸುದ್ದಿಯನ್ನು ಊಟದ ಹೊತ್ತಿಗೆ ಇವಳು ನಗುನಗುತ್ತಾ ನನಗೆ ಹೇಳಿದಳು. ತಟ್ಟೆ ತಳ್ಳಿ ಎದ್ದೆ. ಜಗಳ ಶುರುವಾಯಿತು.

ಇನ್ನು ಇವರ ಹೆಗಲು ಕುಲುಕುತ್ತಿದ್ದ ಆ ಕ್ಷಣಕ್ಕೆ ಬರುತ್ತೇನೆ.

“ತಿರುಗಿ ನನ್ನ ಕಡೆ,” ಎಂದೆ. “ಈಗ ಕೆಳಗೆ ಹೋಗಿ ಹೇಳಬೇಕು. ಇಸ್ತ್ರಿಯವಳು ಯಾರೋ, ತಂಗಿ ಅಂದವಳೇ ನನ್ನ ಹೆಂಡತಿ ಅಂತ.”

“ಹೇಳಿದ್ರೆ ನಾಳೆನೇ ಮೂವರೂ ಬೀದೀಲಿ.”

“ಇರ್ಲಿ. ಬೀದೀಲಿ ಆದ್ರೂ ನಾನು ನಿಮ್ಮ ಹೆಂಡತಿಯಾಗಿ ಇರ್ತೀನಿ.”

“ನಿನಗೆ ಹುಚ್ಚು.”

“ಹೌದು, ಹುಚ್ಚು! ಎರಡು ವರ್ಷ ಕಾದವಳಿಗೆ ಬರದೆ ಇನ್ನೇನು ಬರುತ್ತೆ? ನೀವು ಬೇರೆ ಮನೆ ಹುಡುಕ್ತಾ ಇಲ್ಲ. ಹುಡುಕೋ ಹಾಗೆ ನಾಟಕ ಆಡ್ತಾ ಇದ್ದೀರಿ. ನಿಮಗೆ ಇಬ್ಬರೂ ಬೇಕು. ಅಡುಗೆಗೆ ಒಬ್ಬಳು, ಗರಿಗರಿ ಅಂಗಿಗೆ ಒಬ್ಬಳು!”

“ಅಕ್ಕ,” ಅಂದಳು ಅವಳು, “ನಾನು ಬೇಕಾದ್ರೆ...”

“ನಿನ್ನ ಬೇಕಾದ್ರೆ ನನಗೆ ಬೇಡ!”

“ಮೆಲ್ಲಗೆ ಕಣೇ,” ಎಂದರು ಇವರು ಮತ್ತೆ. ಮೆಲ್ಲಗೆ, ಮೆಲ್ಲಗೆ, ಮೆಲ್ಲಗೆ. ಆ ಮನೆಯಲ್ಲಿ ಎಲ್ಲವೂ ಮೆಲ್ಲಗೆ. ಅಳತೆ ಕೂಡ ಮೆಲ್ಲಗೆ. ಮೇಜಿನ ಮೇಲೆ ಇವರ ಟೇಪು ಇತ್ತು, ಉಕ್ಕಿನದು, ಮುಷ್ಟಿ ತುಂಬ ಭಾರದ್ದು. ಎತ್ತಿದೆ, ಎಸೆದೆ. ಯಾರಿಗೆ ಗುರಿಯಿಟ್ಟೆನೋ ನನಗೇ ಗೊತ್ತಿಲ್ಲ. ಅದು ಇಬ್ಬರ ನಡುವೆ ಹೋಗಿ, ಬೀದಿ ಕಡೆಯ ದೊಡ್ಡ ಕಿಟಕಿಯ ಗಾಜು ಒಡೆದು, ಕೆಳಗೆ ಯಜಮಾನಿಯ ಹೂವಿನ ಕುಂಡಗಳ ಮೇಲೆ ಬಿತ್ತು.

ಕಿಟಕಿಯಿಂದ ಬೀದಿಯ ಸದ್ದು ಒಮ್ಮೆಲೇ ಒಳಗೆ ಬಂತು. ಆಮೇಲೆ ಮೆಟ್ಟಿಲ ಮೇಲೆ ಹೆಜ್ಜೆ.

ಯಜಮಾನಿ ಟೇಪನ್ನು ಕೈಯಲ್ಲಿ ಹಿಡಿದುಕೊಂಡೇ ಬಂದಳು, ಸತ್ತ ಇಲಿಯನ್ನು ಹಿಡಿದ ಹಾಗೆ. ಅವಳು ಗಾಜು ನೋಡಿದಳು, ನನ್ನನ್ನು ನೋಡಿದಳು, ನೇರವಾಗಿ ಹೋಗಿ ಇಸ್ತ್ರಿಯವಳ ಕೈ ಹಿಡಿದುಕೊಂಡಳು. ಏನು ಕೇಳಿದಳೆಂದು ಭಾಷೆ ಬರದಿದ್ದರೂ ತಿಳಿಯಿತು. ‘ಈ ನಾದಿನಿ ನಿನ್ನನ್ನು ಏನಂದಳು ಮಗಳೇ?’

ಸಿಟ್ಟು ನೆತ್ತಿಗೇರಿತು. ಹೆಂಡತಿ ಅನ್ನುವುದಕ್ಕೆ ಆ ಊರಿನಲ್ಲಿ ಏನನ್ನುತ್ತಾರೆಂದು ಲಾಂಡ್ರಿಯಲ್ಲಿ ಕೇಳಿ ತಿಳಿದುಕೊಂಡಿದ್ದೆ. ನಾನು ಅಲ್ಲಿ ಮೊದಲು ಕಲಿತ ಮಾತೇ ಅದು. ಎದೆಗೆ ಕೈ ಬಡಿದುಕೊಂಡು ಹೇಳಿದೆ. “ಹೆಂಡತಿ. ನಾನು. ಅವಳಲ್ಲ. ನಾನು.”

ಯಜಮಾನಿ ಇಸ್ತ್ರಿಯವಳ ಮುಖ ನೋಡಿದಳು. ಇಸ್ತ್ರಿಯವಳು ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಸ್ವಿಚ್ಚು ಆರಿಸಿ, ಎರಡೇ ಮಾತು ಹೇಳಿದಳು. ಆಮೇಲೆ ನಾನು ಕೇಳಿದಾಗ ಅದರ ಅರ್ಥ ಹೇಳಿದಳು. ‘ಅವರನ್ನೇ ಕೇಳಿ.’

ಮೂವರು ಹೆಂಗಸರೂ ಇವರ ಕಡೆ ತಿರುಗಿದೆವು. ಯಜಮಾನಿ ಬೆರಳು ತೋರಿಸಿದಳು, ಒಮ್ಮೆ ಅವಳ ಕಡೆ, ಒಮ್ಮೆ ನನ್ನ ಕಡೆ. ಯಾರು?

ಒಂದು ಬೆರಳು ಎತ್ತಬೇಕಿತ್ತು, ಅಷ್ಟೇ. ಮನೆ ಹೋಗುತ್ತಿತ್ತೋ, ಮಾನ ಉಳಿಯುತ್ತಿತ್ತೋ, ಒಂದು ಬೆರಳು. ಇವರು ನನ್ನನ್ನು ನೋಡಲಿಲ್ಲ. ಅವಳನ್ನೂ ನೋಡಲಿಲ್ಲ. ಒಡೆದ ಕಿಟಕಿ ನೋಡಿದರು. ಹೋಗಿ ಯಜಮಾನಿಯ ಕೈಯಿಂದ ಟೇಪು ತೆಗೆದುಕೊಂಡರು, ಮಣ್ಣು ಒರೆಸಿದರು, ಚೌಕಟ್ಟಿಗೆ ಹಿಡಿದರು. ಎಂದಿನ ಹಾಗೆಯೇ ಅಗಲ ಕೂಗಿದರು. ಎತ್ತರ ಕೂಗಿದರು. ಬೆನ್ನು ನಮ್ಮ ಕಡೆ ಇಟ್ಟುಕೊಂಡು, ತಿರುಗಿ ಹೇಳಲಿ ಎಂದು ಕಾದರು.

ನಾನು ಹೇಳಲಿಲ್ಲ. ಅವಳು ಹೇಳಲಿ ನೋಡೋಣ, ಹೇಳಿದರೆ ಇವತ್ತು ಅವಳ ಜುಟ್ಟು ನನ್ನ ಕೈಯಲ್ಲಿ ಎಂದು ಕಾದೆ. ಅವಳೂ ಹೇಳಲಿಲ್ಲ. ನನ್ನನ್ನೇ ನೋಡುತ್ತಿದ್ದಳು, ‘ಹೇಳಿ ಅಕ್ಕ, ಹೇಳಿ’ ಅನ್ನುವ ಹಾಗೆ ಗದ್ದ ಎತ್ತಿದಳು. ಅವಳು ಬಿಟ್ಟುಕೊಟ್ಟದ್ದನ್ನು ನಾನು ಎತ್ತಿಕೊಳ್ಳಬೇಕಾ? ನನ್ನ ವಸ್ತುವನ್ನು ಅವಳ ಕೈಯಿಂದ ದಾನ ತೆಗೆದುಕೊಳ್ಳಬೇಕಾ? ತುಟಿ ಬಿಗಿದುಕೊಂಡೆ.

ಇವರು ಟೇಪು ಬಿಟ್ಟರು. ಅದು ಸರ್ರನೆ ಒಳಗೆ ಸೇರಿಕೊಂಡಿತು. ಜೇಬಿಗೆ ಹಾಕಿದರು. ಮೊಳೆಗೆ ತೂಗುಹಾಕಿದ್ದ ಗರಿಗರಿ ಅಂಗಿ ತೊಟ್ಟು ಗುಂಡಿ ಹಾಕಿಕೊಂಡರು.

“ಗಾಜು ತಂದು ಹೇಳ್ತೀನಿ,” ಎಂದರು. ನಮಗೊಮ್ಮೆ, ಯಜಮಾನಿಗೆ ಅವಳ ಭಾಷೆಯಲ್ಲಿ ಒಮ್ಮೆ.

ಮೆಟ್ಟಿಲಿಳಿದರು. ನಾವು ಒಡೆದ ಕಿಟಕಿಗೆ ಬಂದು ನಿಂತೆವು. ಬೀದಿ ದಾಟುವುದು ಕಾಣಿಸಿತು. ನನ್ನ ಗಂಟಲಿಗೆ ‘ರೀ’ ಬಂತು. ಪಕ್ಕದಲ್ಲಿ ಅವಳೂ ನಿಂತಿದ್ದಳು. ಅವಳ ಗಂಟಲಿನಲ್ಲಿಯೂ ಏನೋ ಇತ್ತು, ಕತ್ತು ನೋಡಿದರೆ ತಿಳಿಯುತ್ತಿತ್ತು. ಇಬ್ಬರೂ ಕೂಗಲಿಲ್ಲ. ಕೂಗಿದ್ದು ಯಜಮಾನಿ. ನಮ್ಮಿಬ್ಬರ ನಡುವೆ ತಲೆ ತೂರಿಸಿ, ದೊಡ್ಡ ಗಂಟಲಿನಲ್ಲಿ, “ರೀ!”

ಅವನು ತಿರುಗದೆ ಕೈ ಎತ್ತಿದ. ಮೂಲೆ ದಾಟಿದ. ಅಷ್ಟು ಹೊತ್ತಿಗೆ ನನಗೆ ಅವನು ‘ಅವನು’ ಆಗಿದ್ದ.

ಸಾಯಂಕಾಲ ಬೇಕರಿಯವನು ತಲೆ ಬಾಚಿಕೊಂಡು ಬಂದ. ಯಜಮಾನಿ ಕೆಳಗೇ ಏನೋ ಹೇಳಿ ಕಳಿಸಿದಳು. ತಂದಿದ್ದ ಬ್ರೆಡ್ಡನ್ನು ಮೆಟ್ಟಿಲ ಮೇಲಿಟ್ಟು ಹೋದ. ಕತ್ತಲಾದ ಮೇಲೆ ನಾವು ಅದನ್ನೇ ತಿಂದೆವು. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ?

ಮಾರನೆಯ ದಿನ ಇಬ್ಬರೂ ಗಾಜಿನ ಅಂಗಡಿಗೆ ಹೋದೆವು. ಅಂಗಡಿಯವನು ಹೇಳಿದ: ಬಂದಿದ್ದ, ಅಳತೆ ಹೇಳಿದ, ಕೊಯ್ದಿಡಿ ಅಂದ, ಹೋದ. ಗಾಜು ತಯಾರಿತ್ತು. ಕಟ್ಟಡದ ಕೆಲಸದ ಕಡೆ ವಿಚಾರಿಸಿದರೆ, ದೂರದ ಊರಿನಲ್ಲಿ ಹೊಸ ಕೆಲಸವಿದೆ, ಯಾರು ಬರ್ತೀರಿ ಎಂದು ಬಹಳ ದಿನದಿಂದ ಕೇಳುತ್ತಿದ್ದರಂತೆ, ನಿನ್ನೆ ಇವನು ಫೋನು ಮಾಡಿ ನಾನು ಹೋಗ್ತೀನಿ ಅಂದನಂತೆ. ಬಹಳ ದಿನದಿಂದ! ಆ ಸುದ್ದಿ ನನಗೆ ಗೊತ್ತಿರಲಿಲ್ಲ. ಅವಳ ಕಡೆ ತಿರುಗಿದೆ. “ನಿನಗೆ ಗೊತ್ತಿತ್ತಾ?” ಅಂದೆ.

“ಇಲ್ಲ ಅಕ್ಕ.”

“ಹೇಳು, ಗೊತ್ತಿತ್ತಾ?”

“ನನ್ನಾಣೆ ಇಲ್ಲ.”

ನಂಬಿದೆನೋ ಇಲ್ಲವೋ, ಗಾಜಂತೂ ಒಯ್ಯಬೇಕಿತ್ತು. ಒಂದು ತುದಿ ಅವಳು, ಒಂದು ತುದಿ ನಾನು, ನಡುವೆ ಅದು. ದಾರಿಯುದ್ದಕ್ಕೂ ಗಾಜಿನ ಆ ಬದಿಯಲ್ಲಿ ಅವಳ ಮುಖವೇ ಕಾಣುತ್ತಿತ್ತು. ನಾನು ಕೂರಿಸಲು ಏಣಿ ಹತ್ತಿದೆ, ಕೆಲಸ ನೋಡಿ ನೋಡಿ ನನಗೂ ಬರುತ್ತದೆ. ಗಾಜು ಒಂದು ಬೆರಳು ಕಡಿಮೆಯಾಯಿತು. ಜೀವಮಾನದಲ್ಲಿ ಅವನ ಅಳತೆ ತಪ್ಪಿದ್ದಿಲ್ಲ. ಉಳಿದ ಸಂದಿಗೆ ಹಳೆಯ ದಿಂಬಿನ ಚೀಲ ಮಡಿಚಿ ತುರುಕಿದೆವು. ಗಾಳಿ ಬಂದರೆ ಅದು ಅಲ್ಲಾಡುತ್ತದೆ.

ಫೋನು ಮಾಡಿದರೆ ಎತ್ತುವುದಿಲ್ಲ. ಆ ದೂರದ ಊರಿಗೂ ಹೇಳಿ ಕಳಿಸಿದೆ. ಅಲ್ಲಿಂದಲೂ ಮುಂದೆ ಎಲ್ಲಿಗೋ ಹೋದನಂತೆ. ಅವನು ಬರಲಿಲ್ಲ. ಯಜಮಾನಿ ಕನಿಕರಕ್ಕೆ ನಮ್ಮನ್ನು ಮನೆಯಲ್ಲಿ ಇರಗೊಟ್ಟಿದ್ದಾಳೆ, ಆದರೆ ನಮ್ಮಿಬ್ಬರಲ್ಲಿ ಹೆಂಡತಿ ಯಾರೆಂದು ಅವಳಿಗೆ ಇವತ್ತಿಗೂ ಖಚಿತವಿಲ್ಲ. ನಾನು ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ಹೇಳುತ್ತೇನೆ, ‘ಹೆಂಡತಿ, ನಾನು’ ಅಂತ. ಅವಳು ತಲೆಯಾಡಿಸುತ್ತಾಳೆ. ಆದರೆ ಸಮಾಧಾನ ಹೇಳುವಾಗ ಇಸ್ತ್ರಿಯವಳ ಬೆನ್ನನ್ನೇ ಸವರುತ್ತಾಳೆ. ಬಿಟ್ಟು ಹೋದವನ ಹೆಂಡತಿ ಅನ್ನಿಸಿಕೊಳ್ಳುವುದು ಯಾವ ದೊಡ್ಡ ಪದವಿ? ಆದರೂ ಅದೊಂದೇ ನನಗೆ ಉಳಿದಿರುವುದು. ಅದನ್ನೂ ಅವಳಿಗೆ ಬಿಡಲಾ?

ಲಾಂಡ್ರಿಯ ಬೇರೆ ಹೆಂಗಸರು ಕೇಳುತ್ತಾರೆ, ನೀನು ಊರಿಗೆ ಯಾಕೆ ಹೋಗಬಾರದು, ಅವಳು ಬೇರೆ ಮನೆ ಯಾಕೆ ಮಾಡಬಾರದು. ಅವಳೂ ಒಂದೆರಡು ಸಲ ಪೆಟ್ಟಿಗೆ ತೆಗೆದಳು. ನಾನು ಬಾಗಿಲಿಗೆ ಅಡ್ಡ ನಿಂತೆ. “ಎಲ್ಲಿಗೆ ಹೋಗ್ತೀಯ?” ಎಂದು ಗದರಲು ಮಾತು ಬೇಕಿರಲಿಲ್ಲ, ನನ್ನ ಕಣ್ಣೇ ಸಾಕಿತ್ತು. ಅವಳು ಎಲ್ಲಿಗೆ ಹೋಗುತ್ತಾಳೆಂದು ನನಗೇನು ಗೊತ್ತು? ಇಲ್ಲೇ, ನನ್ನ ಕಣ್ಣೆದುರಿಗೆ ಇದ್ದರೆ ಅವನ ಹತ್ತಿರ ಇಲ್ಲ ಅಂತ ಆಯಿತಲ್ಲ.

ಸಂಜೆ ಹೊತ್ತು ಇಬ್ಬರೂ ಹಾಸುಬಟ್ಟೆ ಮಡಿಚುತ್ತೇವೆ. ಹತ್ತಿರ, ದೂರ, ಹತ್ತಿರ. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾದರೆ ಇಬ್ಬರ ಕೈಯೂ ನಿಲ್ಲುತ್ತದೆ. ಅವಳು ಬಾಗಿಲ ಕಡೆ ನೋಡುತ್ತಾಳೆ. ನಾನು ಬಾಗಿಲು ನೋಡುವುದಿಲ್ಲ. ಅವಳ ಮುಖ ನೋಡುತ್ತೇನೆ.